ಅಕ್ಷರವಿಲ್ಲದ ಕೆಒಟಿ: ಉಡುಪಿಯ ಅಡುಗೆಮನೆಯಲ್ಲಿ ನಾನು ಮಾಡಿದ್ದು

ಉಡುಪಿಯ ಕಲ್ಸಂಕದ ಹತ್ತಿರದ ಒಂದು ಹೋಟೆಲಿನ ಅಡುಗೆಮನೆಗೆ ಈಗ ಕೆಒಟಿ (ಕಿಚನ್ ಆರ್ಡರ್ ಟಿಕೆಟ್, ಅಂದರೆ ಆರ್ಡರು ಚೀಟಿ) ಹೋಗುವುದು ಸ್ಕ್ರೀನಿನ ಮೇಲೆ, ಬರೀ ಚಿತ್ರದಲ್ಲಿ. ಕಾವಲಿಯ ಮುಂದೆ ಒಡಿಶಾದ ಹುಡುಗರು, ಬಾಣಲೆಯ ಹತ್ತಿರ ನೇಪಾಳದವನು, ಎಲ್ಲರ ಮೇಲೆ ಕುಂದಾಪುರದ ಭಟ್ರು. ಮೊದಲು ಇಂಗ್ಲಿಷ್ ಚೀಟಿ ಬರುತ್ತಿತ್ತು, ಭಟ್ರು ಓದಿ ಹಿಂದಿಯಲ್ಲಿ ಕೂಗುತ್ತಿದ್ದರು. ಥರ್ಮಲ್ ಕಾಗದ ಒಲೆಯ ಬಿಸಿಗೆ ಕಪ್ಪಾಗುವುದನ್ನು ನೀವೆಲ್ಲ ನೋಡಿದವರೇ. ಭಟ್ರು ರಜೆ ಹಾಕಿದ ದಿನ ಮಾತ್ರ ದೇವರೇ ಗತಿ.

ಆರ್ಡರು ಚಿತ್ರದಲ್ಲೇ ಕಳಿಸುತ್ತೇನೆ ಅಂದದ್ದಕ್ಕೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಮಂಗಳೂರಿನ ಸ್ನೇಹಿತರು, "ಮೂರು ಭಾಷೆಯಲ್ಲಿ ಪ್ರಿಂಟ್ ಕೊಡು, ಮುಗೀತಲ್ಲ" ಅಂದರು. ಹೋಟೆಲಿನ ಶೆಟ್ರಿಗೂ ನಂಬಿಕೆ ಇರಲಿಲ್ಲ: "ಚಿತ್ರ ನೋಡಿ ದೋಸೆ ಹೊಯ್ಲಿಕ್ಕೆ ಆಗ್ತದಾ ಮಾರಾಯ್ರೆ?"

ಮೊದಲು ಹಾಕಿದ್ದು ಫೋಟೊ. ಮಣಿಪಾಲದಿಂದ ಫೋಟೊಗ್ರಾಫರನ್ನು ಕರೆಸಿ ಇಡೀ ಮೆನು ತೆಗೆಸಿದೆ, ಸುಮಾರು ಇಪ್ಪತ್ತೈದು ಸಾವಿರ ಹೋಯಿತು. ಗಿರಾಕಿಗೆ ಬಾಯಲ್ಲಿ ನೀರೂರಿಸುವ ಫೋಟೊ ಆರಡಿ ದೂರದ ಹೊಗೆಯಲ್ಲಿ ನಿಂತವನಿಗೆ ಕಂದು ಬಣ್ಣದ ಮುದ್ದೆ. ಬರೀ ಗೆರೆಯ ಚಿತ್ರಕ್ಕೆ ಬಂದ ಮೇಲೆ ದೋಸೆಗಳು ದಾರಿಗೆ ಬಂದವು. ಸುರುಳಿ ಸುತ್ತಿದ್ದು ಮಸಾಲೆ, ನಾಲ್ಕು ಮಡಿಕೆಯದ್ದು ನೀರುದೋಸೆ, ಒಂದರ ಮೇಲೊಂದು ಇಟ್ಟದ್ದು ಸೆಟ್ ದೋಸೆ. ತುಪ್ಪದ ದೋಸೆಯ ಗುರುತು ಮಾತ್ರ ಇಲ್ಲಿ ಹೇಳುವುದಿಲ್ಲ, ಅದಕ್ಕೆ ಬಹಳ ತಲೆ ಕೆಡಿಸಿಕೊಂಡಿದ್ದೇನೆ.

ಸಿಕ್ಕಿಬಿದ್ದದ್ದು ಬನ್ಸ್ ಮತ್ತು ಗೋಳಿಬಜೆಯಲ್ಲಿ. ಎರಡೂ ಉರುಟು, ಎರಡೂ ಕಂದು. ದೊಡ್ಡದು ಬನ್ಸ್, ಸಣ್ಣದು ಬಜೆ ಅಂತ ಮಾಡಿದರೆ, ಸ್ಕ್ರೀನಿನಲ್ಲಿ ಒಂದೇ ಇದ್ದಾಗ ದೊಡ್ಡದೋ ಸಣ್ಣದೋ ಯಾರಿಗೆ ಗೊತ್ತು? ಪಕ್ಕದಲ್ಲಿ ಚಟ್ನಿ ಬಟ್ಟಲು ಇಟ್ಟು ನೋಡಿದೆ, ಅದೂ ಆಗಲಿಲ್ಲ. ಎಣ್ಣೆ ಬಾಣಲೆಯ ಹುಡುಗನ ಕೈಯಲ್ಲೇ ಬಳಪ ಕೊಟ್ಟು, ನೀನೇ ಬಿಡಿಸು ಅಂದೆ. ಅವನು ಬನ್ಸಿಗೆ ಲಟ್ಟಣಿಗೆ ಬಿಡಿಸಿದ. ಗೋಳಿಬಜೆಗೆ ಐದು ಬೆರಳು ಒಟ್ಟಿಗೆ ಸೇರಿಸಿ ಹಿಟ್ಟು ಇಳಿಬಿಡುವ ಕೈ. ಬನ್ಸ್ ಲಟ್ಟಿಸಿ ಬಿಡುವುದು, ಬಜೆ ಕೈಯಲ್ಲಿ ಬಿಡುವುದು. ಅವನಿಗೆ ತಿಂಡಿ ಅಂದರೆ ಆ ಕೆಲಸವೇ. ಅವತ್ತಿನಿಂದ ಅರ್ಧದಷ್ಟು ಚಿತ್ರಗಳನ್ನು ಹೀಗೇ ಬದಲಿಸಿದೆ. ತಿಂಡಿಯ ಆಕಾರ ಗಿರಾಕಿಗೆ ಇರಲಿ, ಅಡುಗೆಯವನಿಗೆ ಮಾಡುವ ಕ್ರಿಯೆ ಬೇಕು. ಈ ಒಂದು ವಿಷಯವನ್ನು ನಾನು ಎಲ್ಲಿ ಬೇಕಾದರೂ ವಾದಿಸಿ ಗೆಲ್ಲುತ್ತೇನೆ.

ಇಷ್ಟಾದರೂ ಕೈಯಲ್ಲಿ ಇದ್ದದ್ದು ಬರೀ ಹೆಸರುಗಳ ರಾಶಿ. "ನೀರುಳ್ಳಿ ಬೇಡ" ಅನ್ನುವುದನ್ನು ಚಿತ್ರದಲ್ಲಿ ಹೇಗೆ ಹೇಳುವುದು? ಏಕಾದಶಿ ಬಂತೆಂದರೆ ಉಡುಪಿಯಲ್ಲಿ ಇದೇ ಆರ್ಡರು. ಧೂಮಪಾನ ನಿಷೇಧದ ಬೋರ್ಡಿನ ಹಾಗೆ ನೀರುಳ್ಳಿಯ ಮೇಲೆ ಕೆಂಪು ಅಡ್ಡಗೆರೆ ಎಳೆದೆ. ಹುಡುಗರು ಇಡೀ ದೋಸೆಯೇ ಕ್ಯಾನ್ಸಲ್ ಅಂತ ತಿಳಿದು ಹೊಯ್ಯಲೇ ಇಲ್ಲ. ಗೆರೆ ಎಷ್ಟರ ಮಟ್ಟಿಗೆ ಅನ್ವಯ ಅಂತ ಗೆರೆಯೇ ಹೇಳುವುದಿಲ್ಲವಲ್ಲ. ಗೆರೆ ಸಣ್ಣ ಮಾಡಿದೆ, ದಪ್ಪ ಮಾಡಿದೆ, ನೀರುಳ್ಳಿಯನ್ನು ಅರ್ಧ ಕತ್ತರಿಸಿ ತೋರಿಸಿದೆ. ಎರಡು ಏಕಾದಶಿ ಹೀಗೇ ಹಾಳಾದವು.

ಕಡೆಗೆ ಹಿಡಿದದ್ದು ತಟ್ಟೆ. ದೃಶ್ಯ ಭಾಷೆಗಳಲ್ಲಿ, ಅಂದರೆ ಚಿತ್ರದಲ್ಲೇ ಹೇಳುವ ಭಾಷೆಗಳಲ್ಲಿ, ವ್ಯಾಕರಣ ಕೂತಿರುವುದು ಜಾಗದಲ್ಲಿ: ಯಾವುದು ಯಾವುದರ ಒಳಗೆ, ಯಾವುದರ ಪಕ್ಕ, ಯಾವುದಕ್ಕೆ ತಾಗಿ. ಪ್ರತಿ ಆರ್ಡರಿಗೂ ಒಂದು ದೊಡ್ಡ ವೃತ್ತ, ಅದೇ ತಟ್ಟೆ. ಒಳಗಿದ್ದದ್ದು ಹಾಕುವುದು, ತಟ್ಟೆಯ ಹೊರಗೆ ಎಡಕ್ಕೆ ಬಿದ್ದದ್ದು ಬೇಡ. ಅಡ್ಡಗೆರೆಯೂ ಇಲ್ಲ, ಕೆಂಪೂ ಇಲ್ಲ. ಹುಡುಗರಿಗೆ ಒಮ್ಮೆ ತೋರಿಸಿದೆ, ಎರಡನೇ ಸಲ ಕೇಳಲಿಲ್ಲ.

ಎಷ್ಟು ಪ್ಲೇಟು ಅನ್ನುವ ಲೆಕ್ಕಕ್ಕೆ ಆಸ್ಟ್ರಿಯಾದ ಸಮಾಜವಿಜ್ಞಾನಿ ಒಟ್ಟೊ ನ್ಯೂರಾತ್ ಮಾಡಿದ್ದನ್ನೇ ಮಾಡಿದೆ. 1920ರ ದಶಕದಲ್ಲಿ ವಿಯೆನ್ನಾದಲ್ಲಿ ಅವರು ಜನರಿಗೆ ಅಂಕಿಅಂಶ ತೋರಿಸುವಾಗ ಇಟ್ಟುಕೊಂಡ ನಿಯಮ ಅದು: ಹೆಚ್ಚಿದ್ದರೆ ಚಿತ್ರ ದೊಡ್ಡದು ಮಾಡಬೇಡಿ, ಅದೇ ಚಿತ್ರವನ್ನು ಮತ್ತೆ ಮತ್ತೆ ಇಡಿ. ಆದರೆ ಎಣಿಸದೆ ಕಣ್ಣಿಗೆ ಹಿಡಿಯುವುದು ನಾಲ್ಕರವರೆಗೆ ಮಾತ್ರ. ಐದರಿಂದ ಮೇಲೆ ಒಂದು ಚಿತ್ರ, ಪಕ್ಕದಲ್ಲಿ ಅಂಕಿ. ಬಸ್ಸಿನ ನಂಬರಿನ, ಮೊಬೈಲಿನ ಅಂಕಿ ಎಲ್ಲರೂ ಓದುತ್ತಾರೆ.

ನಡುವೆ ಬೇರೆ ಪ್ರಯೋಗಗಳೂ ಆದವು. ತಡವಾದ ಆರ್ಡರಿಗೆ ಬಣ್ಣ ಬದಲಿಸಿ ನೋಡಿದೆ. ಟ್ಯೂಬ್‌ಲೈಟಿನ ಕೆಳಗೆ, ಎಣ್ಣೆ ಹಿಡಿದ ಗಾಜಿನಲ್ಲಿ ಕಿತ್ತಳೆಯೂ ಕೆಂಪೂ ಒಂದೇ. ಮೇಲಾಗಿ ಕೆಂಪು–ಹಸಿರು ಬೇರೆಯಾಗಿ ಕಾಣದವರು ಗಂಡಸರಲ್ಲೇ ಜಾಸ್ತಿ. ಈಗ ಹಳೆಯ ಆರ್ಡರು ಎಡತುದಿಗೆ ಸರಿಯುತ್ತದೆ, ಅಷ್ಟೇ. ಪ್ರತಿ ತಿಂಡಿಗೆ ಒಂದೊಂದು ಸದ್ದನ್ನೂ ಇಟ್ಟಿದ್ದೆ. ಮಿಕ್ಸಿ, ಎಕ್ಸಾಸ್ಟ್ ಫ್ಯಾನು ಅದನ್ನು ನುಂಗಿ ಹಾಕಿದವು. ಸ್ಕ್ರೀನಿನಲ್ಲಿ ಒಮ್ಮೆಗೆ ಎಷ್ಟು ಚಿತ್ರ ಅನ್ನುವುದೂ ಒಂದು ಪ್ರಶ್ನೆ. ಚಿತ್ರದಲ್ಲಿ ಪ್ರೋಗ್ರಾಂ ಬರೆದರೆ ಪರದೆಯಲ್ಲಿ ಐವತ್ತಕ್ಕಿಂತ ಹೆಚ್ಚು ಘಟಕ ಹಿಡಿಯದು ಎಂದು ಕಂಪ್ಯೂಟರ್ ವಿಜ್ಞಾನಿ ಪೀಟರ್ ಡಾಯ್ಚ್ ಅವರ ಆಕ್ಷೇಪ ಒಂದಿದೆ. ಕಾವಲಿಯ ಮುಂದೆ ಐವತ್ತು ಕನಸಿನ ಮಾತು. ನಾನು ಎಂಟು ತಟ್ಟೆಗೆ ನಿಲ್ಲಿಸಿದ್ದೇನೆ.

ಸಾಮಾನಿನ ವಿಷಯ. ಟ್ಯಾಬ್ಲೆಟ್ಟು ತಲಾ ಎಂಟೊಂಬತ್ತು ಸಾವಿರದ್ದು, ಇಡ್ಲಿ ಪೆಟ್ಟಿಗೆಯ ಹಬೆಗೆ ಮೂರು ಹೋದವು. ಹಿಟ್ಟು ಮೆತ್ತಿದ ಬೆರಳಿಗೆ ಟಚ್ ಸ್ಕ್ರೀನು ಕೇಳುವುದೂ ಇಲ್ಲ. ಈಗ ಇರುವುದು ಸೆಕೆಂಡ್ ಹ್ಯಾಂಡ್ ಟಿವಿ, ಐದು ಸಾವಿರದ ಆಸುಪಾಸು, ಮುಂದೆ ಒಂದು ಗಾಜು. ಕೆಳಗೆ ಅಂಗೈ ಅಗಲದ ಎಂಟು ಗುಂಡಿ, ತಲಾ ನೂರು ರೂಪಾಯಿಯೊಳಗೆ. ಆದದ್ದನ್ನು ಮೊಣಕೈಯಲ್ಲಿ ಒತ್ತಿ ಅಳಿಸುತ್ತಾರೆ. ಗುಂಡಿಗೆ ನೀರು ಇಳಿಯದ ಹಾಗೆ ಏನು ಮಾಡಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ನಿಜವಾದ ಪರೀಕ್ಷೆ ಆದದ್ದು ಪರ್ಯಾಯದ ರಾತ್ರಿ, ಅಂದರೆ ಎರಡು ವರ್ಷಕ್ಕೊಮ್ಮೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಹಬ್ಬ. ಜನವರಿ 17ರ ಸಂಜೆಯಿಂದ 18ರ ಬೆಳಗಿನವರೆಗೆ ಹೋಟೆಲು ಮುಚ್ಚಲೇ ಇಲ್ಲ. ಭಟ್ರು ಮಧ್ಯರಾತ್ರಿ ಮೆರವಣಿಗೆ ನೋಡಲು ಜೋಡುಕಟ್ಟೆಗೆ ಹೋದರು, ಕೂಗುವವರು ಯಾರೂ ಇರಲಿಲ್ಲ, ಕಾವಲಿ ನಿಲ್ಲಲಿಲ್ಲ. ಮೊದಲು ರಶ್ಶಿನ ದಿನ ಹತ್ತು ಹನ್ನೆರಡು ಪ್ಲೇಟು ವಾಪಸ್ಸು ಬರುತ್ತಿತ್ತು, ಆ ರಾತ್ರಿ ಎರಡೋ ಮೂರೋ. ಶೆಟ್ರು ಬೆಳಿಗ್ಗೆ ಬಾಕಿ ದುಡ್ಡು ಕೇಳದೆಯೇ ಕೊಟ್ಟರು.

ಈಗ ಮಂಗಳೂರು ಹಂಪನಕಟ್ಟೆಯ ಒಂದು ಮೀನೂಟದ ಹೋಟೆಲಿನವರು ಕೇಳಿದ್ದಾರೆ. ಬಂಗುಡೆ ಬೂತಾಯಿ ಎರಡನ್ನೂ ಗೆರೆಯಲ್ಲಿ ಬೇರೆ ಮಾಡುವುದು ಕಷ್ಟ, ರವಾ ಫ್ರೈ, ತವಾ ಫ್ರೈ ಸುಲಭ: ರವೆಯಲ್ಲಿ ಹೊರಳಿಸುವ ಕೈ, ಮಸಾಲೆ ಸವರುವ ಕೈ. ಟಿವಿ, ಗುಂಡಿ ಸೇರಿದ ಸೆಟ್ಟಿಗೆ ಹದಿನೆಂಟು ಸಾವಿರ ಹೇಳಿದ್ದೇನೆ. ಚಿತ್ರಕ್ಕೆ ಬೇರೆ, ಯಾಕೆಂದರೆ ಉಡುಪಿಯ ಚಿತ್ರ ಅಲ್ಲಿ ನಡೆಯುವುದಿಲ್ಲ, ಅವರ ಅಡುಗೆಯವರ ಜೊತೆ ಕೂತು ಹೊಸದಾಗಿ ಬಿಡಿಸಬೇಕು.