ಬಿಜಾಪುರ ಒಂದ ದಿನದಾಗ ನೋಡೋರಿಗೆ

ಸೊಲ್ಲಾಪುರ, ಅಕ್ಕಲಕೋಟ ಕಡಿಯಿಂದ ಬಿಜಾಪುರಕ್ಕ ಹೋಗೋರಿಗೆ ಒಂದ ಮಾತು. ಸೊಲ್ಲಾಪುರದಿಂದ ನೂರ ಕಿಲೋಮೀಟರ್ ಅಷ್ಟ ಅಲ್ಲೇನು ಅಂತ ನಾಷ್ಟಾ ಮಾಡಿ ಆರಾಮ ಹೊಂಟ್ರ ಕೆಲಸ ಕೆಡ್ತದ ನೋಡ್ರಿ. ಗೋಳಗುಮ್ಮಟ ಮುಂಜಾನಿ 6ಕ್ಕ ತಗೀತದ, ಸಾಲಿ ಹುಡುಗರ ಬಸ್ ಬರೋದ್ರೊಳಗ ಮ್ಯಾಲ ಹತ್ತಿಬಿಡ್ರಿ, ಇಲ್ಲಾಂದ್ರ ಗ್ಯಾಲರಿಯೊಳಗ ಬರೇ ಸೀಟಿ ಮತ್ತ ಚೀರಾಟ. ಹೋದ ಸಲ ಲಗೂನ ಹೋಗಿದ್ವಿ, ನಮ್ಮವ್ವ ಗ್ವಾಡಿಗೆ ಬಾಯಿ ಹಚ್ಚಿ ಸಣ್ಣಗ "ಚಾ ಕುಡೀತೀರೇನ್ರಿ" ಅಂದದ್ದು ಆ ಕಡಿ ನಿಂತ ಅಪ್ಪಗ ಕಿವಿಯೊಳಗ ಹೇಳಿದಂಗ ಕೇಳಿಸ್ತು. ಮೆಟ್ಟಲು ಭಾಳ ಇಕ್ಕಟ್ಟು, ಮೊಣಕಾಲ ನೋವಿದ್ದೋರು ಕೆಳಗ ಕುಂತ್ರೂ ಅಡ್ಡಿಯಿಲ್ಲ. ಗುಮ್ಮಟದ ಮುಂದಿನ ಮ್ಯೂಸಿಯಂ ನೋಡೋದಿದ್ರ ಶುಕ್ರವಾರ ಬ್ಯಾಡ, ಅವತ್ತ ಬಂದ್ ಇರ್ತದ.

ಆಮ್ಯಾಲ ರಿಕ್ಷಾಕ್ಕ ಮೊದಲ ರೇಟ್ ಮಾತಾಡ್ಕೊಂಡು ಜಾಮಿಯಾ ಮಸೀದಿ, ಅರ್ಧಕ್ಕ ನಿಂತ ಗೋರಿ ಬಾರಾ ಕಮಾನ ಮುಗಿಸ್ರಿ. ಇಬ್ರಾಹಿಂ ಆದಿಲಶಾಹನ ಗೋರಿ ಇಬ್ರಾಹಿಂ ರೋಜಾ ಮಾತ್ರ ಬಿಸಿಲ ಇಳಿದ ಮ್ಯಾಲ, ಗಡಬಡಿ ಇಲ್ದಂಗ. ನನ್ನ ಕೇಳಿದ್ರ ಗುಮ್ಮಟಕ್ಕಿಂತ ಅದ ಚಂದ. ಮಲಿಕ್-ಎ-ಮೈದಾನ್ ತೋಫು ಬಿಡಬ್ಯಾಡ್ರಿ, ಸಿಂಹ ಆನಿ ಅಗಿಯೋ ಬಾಯಿ ಅದರದು, ಮತ್ತ ಅದು ಮಹಾರಾಷ್ಟ್ರದಾಗಿನ ನಮ್ಮ ಪರಾಂಡಾ ಕೋಟಿಯಿಂದ ಹೋದದ್ದು.