ಹಳೇ ಗೋವಾದಲ್ಲಿ ಕನ್ನಡದ ಬ್ಯಾರೋಕ್ ನಡಿಗೆ: ಕೊನೆಗೂ ಕೈಹಿಡಿದ ದಾರಿ

ಬ್ಯಾರೋಕ್ ಅಂದರೆ ಯುರೋಪಿನ ಆಡಂಬರದ ಕಟ್ಟಡ ಶೈಲಿ. ಆ ಕಾಲದ ಹಳೇ ಗೋವಾದ ಚರ್ಚುಗಳನ್ನು ಕನ್ನಡದಲ್ಲಿ, ನಡೆಸಿಕೊಂಡು ಹೋಗಿ, ಅದೂ ದುಡ್ಡು ತಗೊಂಡು ತೋರಿಸೋದು ಆಗದ ಮಾತು ಅಂತ ಜೊತೆಯ ಗೈಡ್‌ಗಳೆಲ್ಲ ಹೇಳಿದ್ದರು. "ನಮ್ಮ ಜನ ಗೋವಾಕ್ಕೆ ಬರೋದೇ ಬೀಚಿಗೆ, ಕ್ಯಾಸಿನೋಗೆ. ಗೋಡೆ ನೋಡ್ಕೊಂಡು ಎರಡು ತಾಸು ಯಾರ್ ನಡೀತಾರಪ್ಪ?" ಅಂತ ಒಬ್ಬರು ನಕ್ಕಿದ್ದರು. ಈಗ ಎರಡು ಸೀಸನ್ ಆಯ್ತು, ಶನಿವಾರದ ನಡಿಗೆಗೆ ಜನರನ್ನು ಬೇಡ ಅನ್ನಬೇಕಾಗಿದೆ. ನಕ್ಕವರೇ ಈಗ ಫೋನ್ ಮಾಡಿ ಏನು ಮಾಡಿದ್ರಿ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ. ಹಂಪಿ, ಬಾದಾಮಿ, ಬಿಜಾಪುರದಲ್ಲಿ ಗೈಡ್ ಕೆಲಸ ಮಾಡುವವರಿಗೆ ಗುರುತಿನ ಬಿಲ್ಲೆ, ಮೈಕು, ಡ್ರೈವರ್‌ಗಳ ಕಾಟ ಎಲ್ಲ ಗೊತ್ತಿರೋದೇ. ಅದನ್ನು ಬಿಡುತ್ತೇನೆ.

ಮೊದಮೊದಲು ಎಲ್ಲರ ಹಾಗೆ ಬೋಮ್ ಜೀಸಸ್ ಬೆಸಿಲಿಕಾದಿಂದ ಶುರು ಮಾಡುತ್ತಿದ್ದೆ. ಟೂರಿಸ್ಟ್ ಬಸ್ಸುಗಳು ನಿಲ್ಲೋದು ಅಲ್ಲೇ, ಜನ ಇಳಿಯೋದು ಅಲ್ಲೇ. ಬೆಳಗ್ಗೆ ಹತ್ತೂವರೆ, ಹನ್ನೊಂದು. ನೆತ್ತಿ ಸುಡುವ ಬಿಸಿಲು. ಒಳಗೆ ಕಾಲಿಟ್ಟ ಕೂಡಲೇ ಎಲ್ಲರದ್ದೂ ಒಂದೇ ಪ್ರಶ್ನೆ, "ಆ ಬಾಡಿ ಎಲ್ಲಿದೆ?" ಸೇಂಟ್ ಫ್ರಾನ್ಸಿಸ್ ಝೇವಿಯರ್‌ನ ದೇಹ ಇಟ್ಟಿರುವ ಬೆಳ್ಳಿ ಪೆಟ್ಟಿಗೆ ಎತ್ತರದಲ್ಲಿದೆ, ಕೆಳಗೆ ನಿಂತವರಿಗೆ ಒಳಗಿರೋದು ಏನೂ ಸರಿಯಾಗಿ ಕಾಣಲ್ಲ. ಕತ್ತು ಚಾಚಿ, ಫೋಟೋ ಹೊಡೆದು, "ಇಷ್ಟೇನಾ?" ಅಂದು ಹೊರಗೆ ಬಂದರೆ ಮುಗೀತು. ರಸ್ತೆ ದಾಟಿದರೆ ಸೇ ಕೆಥೆಡ್ರಲ್, ಆದರೆ ಆ ರಸ್ತೆ ದಾಟಿಸೋದೇ ಕಷ್ಟ. ಅರ್ಧ ಜನ ಕಬ್ಬಿನ ಹಾಲಿನ ಗಾಡಿ ಹತ್ತಿರ, ಉಳಿದವರು ಮರದ ಕೆಳಗೆ. 1562ರಲ್ಲಿ ಶುರುವಾಗಿ 1619ರಲ್ಲಿ ಕಟ್ಟಡ ಮುಗೀತು ಅಂತ ನಾನು ಒಬ್ಬನೇ ಹೇಳಿಕೊಳ್ಳುತ್ತಾ ನಿಂತಿರುತ್ತಿದ್ದೆ.

ದುಡ್ಡಿನ ಕಥೆ ಇನ್ನೂ ಕೆಟ್ಟದು. ಜನ ಬರಲಿ ಅಂತ ಮೊದಲು ಪುಕ್ಕಟೆ ಇಟ್ಟೆ, ಕೊನೆಗೆ ಖುಷಿಯಾದಷ್ಟು ಕೊಡಿ ಅಂದೆ. ಇಪ್ಪತ್ತು ಇಪ್ಪತ್ತೈದು ಜನ ಬಂದರು, ನಾಲ್ಕೈನೂರು ರೂಪಾಯಿ ಬಂತು, ಅದರಲ್ಲಿ ನೀರಿನ ಬಾಟಲಿಗೇ ಮುನ್ನೂರು. ಪುಕ್ಕಟೆ ಬಂದವರು ಅರ್ಧದಲ್ಲಿ ಎದ್ದು ಹೋಗುತ್ತಾರೆ, ಇದು ನೀವೂ ನೋಡಿರುತ್ತೀರಿ. ಆಮೇಲೆ ಒಂದು ಟ್ರಾವೆಲ್ಸ್ ಜೊತೆ ಸೇರಿಕೊಂಡೆ. ಹೆಸರು ಬೇಡ. ಮೂರನೇ ಒಂದು ಭಾಗ ಕಮಿಷನ್ ಅವರಿಗೆ, ನನ್ನ ಪಾಲು ತಿಂಗಳುಗಟ್ಟಲೆ ಬಾಕಿ, ಜೊತೆಗೆ "ನಲವತ್ತು ನಿಮಿಷದಲ್ಲಿ ಮುಗಿಸಿ, ಸಂಜೆ ಬೋಟ್ ಇದೆ" ಅಂತ ಹಿಂದಿನಿಂದ ಹಾರ್ನು. ಆ ವರ್ಷ ಕೈಯಿಂದ ಹದಿನೈದು ಸಾವಿರದ ಹತ್ತಿರ ಹೋಯಿತು.

ಸರಿಹೋಗಿದ್ದು ದಾರಿಯನ್ನು ತಿರುಗಿಸಿದ ಮೇಲೆ. ಈಗ ನಾನು ಶುರುವಿನಲ್ಲಿ ಬೋಮ್ ಜೀಸಸ್ ಕಡೆ ತಲೆಯೂ ಹಾಕದೆ, ನೇರವಾಗಿ ಸೇಂಟ್ ಕ್ಯಾಜೆಟನ್ ಚರ್ಚಿನ ಹತ್ತಿರ ಜನರನ್ನು ಕರೆಸುತ್ತೇನೆ, ಮಧ್ಯಾಹ್ನ ಮೂರೂವರೆಗೆ. ಅಲ್ಲಿ ಒಂದು ಒಂಟಿ ಬಾಗಿಲಿದೆ. ಎರಡು ಕರಿಕಲ್ಲಿನ ಕಂಬ, ಮೇಲೊಂದು ತೊಲೆ, ಅಷ್ಟೇ. ಆದಿಲ್ ಶಾಹಿ ಅರಮನೆಯಲ್ಲಿ ಉಳಿದಿರೋದು ಅದೊಂದೇ. 1510ರಲ್ಲಿ ಪೋರ್ಚುಗೀಸ್ ಸೇನಾಪತಿ ಅಲ್ಬುಕರ್ಕ್ ಈ ಊರನ್ನು ಕಿತ್ತುಕೊಂಡದ್ದು ಬಿಜಾಪುರದವರ ಕೈಯಿಂದ. ಆಮೇಲೆ ಪೋರ್ಚುಗೀಸ್ ಅಧಿಕಾರಿಗಳೂ ಅದೇ ಅರಮನೆಯಲ್ಲಿ ವರ್ಷಗಟ್ಟಲೆ ಇದ್ದರು. 1820ರಲ್ಲಿ ಅದನ್ನು ಕೆಡವಿದರು. ಈ ಬಾಗಿಲ ಮುಂದೆ ನಿಲ್ಲಿಸಿ "ಇದು ನಮ್ಮ ಬಿಜಾಪುರದ್ದು" ಅಂದರೆ ಸಾಕು, ಫೋನ್ ಕೆಳಗೆ ಇಳಿಯುತ್ತದೆ. ಮುಂದಿನ ಹತ್ತು ನಿಮಿಷ ಅವರು ನನ್ನವರು.

ಅಲ್ಲಿಂದ ಪಕ್ಕದ ಚರ್ಚಿಗೆ. ಇಟಲಿಯ ಥಿಯಾಟೈನ್ ಅನ್ನೋ ಪಂಥದ ಪಾದ್ರಿಗಳು ಹೊರಟಿದ್ದು ಗೋಲ್ಕೊಂಡಕ್ಕೆ. ಅಲ್ಲಿ ಸುಲ್ತಾನ ಒಳಗೆ ಬಿಟ್ಟುಕೊಳ್ಳಲಿಲ್ಲ, 1640ರ ಹೊತ್ತಿಗೆ ಗೋವಾದಲ್ಲೇ ಬೀಡುಬಿಟ್ಟರು. ರೋಮಿನ ಸೇಂಟ್ ಪೀಟರ್ಸ್ ನೋಡಿಕೊಂಡು ಇದನ್ನು ಕಟ್ಟಿಸಿದರು, 1661ಕ್ಕೆ ಮುಗೀತು. ಈಗ ಲೆಕ್ಕ ಹಾಕಿ. ಗೋಲಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾ ತೀರಿಕೊಂಡದ್ದು 1656ರಲ್ಲಿ. ಅಂದರೆ ಘಟ್ಟದ ಮೇಲೆ ಒಂದು ಗುಮ್ಮಟ, ಘಟ್ಟದ ಕೆಳಗೆ ಒಂದು ಗುಮ್ಮಟ, ಹೆಚ್ಚು ಕಮ್ಮಿ ಒಂದೇ ಕಾಲದಲ್ಲಿ ಏಳುತ್ತಿದ್ದವು! ಅಲ್ಲಿ ಒಂದನ್ನೊಂದು ಹಾಯುವ ಕಮಾನುಗಳ ಮೇಲೆ ಭಾರ, ಇಲ್ಲಿ ನಾಲ್ಕು ದಪ್ಪ ಕಂಬಗಳ ಮೇಲೆ. ಗೋಲಗುಮ್ಮಟ ನೋಡಿದವರು ಪ್ರತಿ ತಂಡದಲ್ಲೂ ಇರುತ್ತಾರೆ, ನಾನು ಬಾಯಿ ಮುಚ್ಚಿಕೊಂಡು ಅವರಿಂದಲೇ ಹೇಳಿಸುತ್ತೇನೆ. ಗುಮ್ಮಟದ ನೇರ ಕೆಳಗೆ ಮುಚ್ಚಿದ ಬಾವಿ ಇದೆ ಅಂದಾಗ ಮಕ್ಕಳೂ ಓಡಿ ಬರುತ್ತಾರೆ.

ಬ್ಯಾರೋಕ್ ಅಂದರೆ ಏನು ಅಂತ ವಿವರಿಸೋದನ್ನು ನಾನು ಬಿಟ್ಟೇ ಬಿಟ್ಟೆ. ಇದೇ ಚರ್ಚಿನ ಪಕ್ಕದ ಬಲಿಪೀಠಗಳ ಮುಂದೆ ನಿಲ್ಲಿಸುತ್ತೇನೆ. ಮರದ ಕೆತ್ತನೆ, ಮೇಲೆ ಬಂಗಾರದ ಹೊದಿಕೆ, ಹಗ್ಗ ಹೊಸೆದ ಹಾಗೆ ತಿರುಚಿದ ಕಂಬಗಳು, ಸಂದು ಸಂದಿನಲ್ಲೂ ದೇವದೂತರು. "ದೊಡ್ಡಾಟದ ರಾಜನ ಕಿರೀಟ ನೋಡಿದ್ದೀರಲ್ಲ?" ಅಂತ ಕೇಳಿದರೆ ಮುಗೀತು. ಧಾರವಾಡ, ಗದಗ ಕಡೆಯವರಿಗೆ ಅದಕ್ಕಿಂತ ಜಾಸ್ತಿ ಹೇಳಬೇಕಿಲ್ಲ. ದೂರದಿಂದ ದೀಪದ ಬೆಳಕಿನಲ್ಲಿ ನೋಡುವವನ ಎದೆ ಝಲ್ಲೆನ್ನಬೇಕು, ಅದಕ್ಕೇ ಮಾಡಿದ್ದು. ಒಂದು ಎಚ್ಚರಿಕೆ: ಹಳೇ ಗೋವಾದಲ್ಲಿ ಕಂಡದ್ದೆಲ್ಲ ಬ್ಯಾರೋಕ್ ಅಂತ ಹೇಳಬೇಡಿ. ಸೇ ಕೆಥೆಡ್ರಲ್‌ನ ಹೊರಮೈ ಸಪ್ಪೆ ಟಸ್ಕನ್, ಅಂದರೆ ಹೆಚ್ಚು ಅಲಂಕಾರವಿಲ್ಲದ ಶೈಲಿ. ಸೇಂಟ್ ಫ್ರಾನ್ಸಿಸ್ ಆಫ್ ಅಸಿಸಿ ಚರ್ಚನ್ನು 1661ರಲ್ಲಿ ಹೊಸದಾಗಿ ಕಟ್ಟಿದರೂ ಬಾಗಿಲು ಮಾತ್ರ ಹಳೆಯದು, ಮ್ಯಾನುವೆಲೈನ್ ಅನ್ನೋ ಹಳೇ ಪೋರ್ಚುಗೀಸ್ ಶೈಲಿಯದು. ತಿಳಿದವರು ಒಬ್ಬರಿದ್ದರೂ ಹಿಡಿದು ಹಾಕುತ್ತಾರೆ. ಇವೆರಡಕ್ಕೂ ನಾನು ಒಟ್ಟು ಅರ್ಧ ಗಂಟೆ ಕೊಡುತ್ತೇನೆ. ಸೇ ಕೆಥೆಡ್ರಲ್‌ನಲ್ಲಿ 1776ರಲ್ಲಿ ಬಿದ್ದ ಗೋಪುರದ ಖಾಲಿ ಜಾಗ, ಉಳಿದ ಗೋಪುರದ ದೊಡ್ಡ ಗಂಟೆ, ನೆಲದಲ್ಲಿ ಹಾಸಿದ ಗೋರಿಕಲ್ಲುಗಳು. ಅಷ್ಟು ಸಾಕು.

ಇಷ್ಟಾದ ಮೇಲೆ ಬೋಮ್ ಜೀಸಸ್. ಅದರ ಮುಂಭಾಗ ಪಶ್ಚಿಮಕ್ಕಿದೆ. ಬೆಳಗ್ಗೆ ಹೋದವರಿಗೆ ಮಂಕು ಕೆಂಪು ಗೋಡೆ, ಸಂಜೆ ಹೋದವರಿಗೆ ಬೆಂಕಿ. ಬೆಳಗಿನ ಗೈಡ್‌ಗಳಿಗೆ ಇದು ಯಾಕೆ ಹೊಳೆಯಲ್ಲವೋ! ಅಲ್ಲಿ ನನ್ನ ಒಂದು ಆಟ ಇದೆ. ಚೀಲದಲ್ಲಿ ಎರಡು ಕಲ್ಲಿನ ತುಂಡು ಇಟ್ಟುಕೊಂಡಿರುತ್ತೇನೆ, ಒಂದು ಚಿರೆಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು), ಇನ್ನೊಂದು ಕರಿಕಲ್ಲು. ಮನೆ ಕಟ್ಟುವ ಜಾಗದಲ್ಲಿ ಕೇಳಿ ತಂದದ್ದು, ಸ್ಮಾರಕದ್ದಲ್ಲ, ದಯವಿಟ್ಟು ಅಲ್ಲಿಂದ ಯಾರೂ ಎತ್ತಬೇಡಿ. ಯಾರಾದರೂ ಒಬ್ಬ ಅಜ್ಜಿಯ ಕೈಗೆ ಕೊಟ್ಟು, ಬಾಟಲಿಯಿಂದ ನಾಲ್ಕು ಹನಿ ನೀರು ಬಿಡಿಸುತ್ತೇನೆ. ಕರಿಕಲ್ಲಿನ ಮೇಲೆ ನೀರು ಜಾರಿ ಬೆರಳಿಗೆ ಇಳಿಯುತ್ತದೆ. ಚಿರೆಕಲ್ಲು ನೀರನ್ನು ಕುಡಿದುಬಿಡುತ್ತದೆ, ಬಣ್ಣ ಮಾತ್ರ ಕಪ್ಪಾಗುತ್ತದೆ. ಆಮೇಲೆ ಗೋಡೆ ತೋರಿಸುತ್ತೇನೆ. ಗೋಡೆ ಚಿರೆಕಲ್ಲು, ಅದರ ಮೇಲಿನ ಕೆತ್ತನೆ ಕರಿಕಲ್ಲು. 1594ರಲ್ಲಿ ಶುರು ಮಾಡಿ 1605ರಲ್ಲಿ ಪ್ರತಿಷ್ಠೆ ಮಾಡಿದ ಈ ಚರ್ಚಿಗೆ ಮೈತುಂಬ ಸುಣ್ಣದ ಗಾರೆ ಇತ್ತು, 1950ರ ದಶಕದಲ್ಲಿ ಪೋರ್ಚುಗೀಸರು ಅದನ್ನು ಕಿತ್ತು ಹಾಕಿದರು. ಗಾರೆ ಇಲ್ಲದ ಗೋಡೆ ಗೋವಾದ ಮಳೆಯನ್ನು ಏನು ಮಾಡುತ್ತದೆ ಅಂತ ಅಜ್ಜಿಯ ಕೈಯಲ್ಲೇ ಉತ್ತರ ಇರುತ್ತದೆ. ಕಾರವಾರ, ಅಂಕೋಲದವರಾದರೆ ನನ್ನನ್ನು ಬಿಟ್ಟು ಅವರೇ ಶುರು ಮಾಡುತ್ತಾರೆ, ತಮ್ಮ ಹಳೇ ಮನೆ ಗೋಡೆ, ಗಾರೆ ಬಿದ್ದ ಕಥೆ. ಮತ್ತೆ ಗಾರೆ ಬಳಿಯಬೇಕೋ ಬೇಡವೋ ಅಂತ ಎರಡು ಪಂಗಡ ಆಗಿ ಜಗಳವೂ ಆಗಿದೆ. ನನಗೆ ಕೇಳಿದರೆ ಬಳಿಯಬೇಕು. ಕೆಂಪು ಗೋಡೆಯ ಫೋಟೋ ಚೆನ್ನಾಗಿ ಬರುತ್ತೆ ಅನ್ನೋದು ಬಳಿಯದೆ ಬಿಡಲು ಕಾರಣ ಅಲ್ಲ.

ಬೋಮ್ ಜೀಸಸ್ ಒಳಗೆ ಮಾತಾಡುವ ಹಾಗಿಲ್ಲ, ಮಾತಾಡಲೂಬಾರದು, ಅದು ಪ್ರಾರ್ಥನೆ ಮಾಡುವ ಜಾಗ. ಇದಕ್ಕೆ ಹೆಡ್‌ಸೆಟ್ ತಗೊಂಡೆ, ಒಂದು ಟ್ರಾನ್ಸ್‌ಮಿಟರ್, ಹದಿನೈದು ರಿಸೀವರ್, ಸುಮಾರು ಇಪ್ಪತ್ತೆಂಟು ಸಾವಿರ ಬಿತ್ತು. ಮನೆಯಲ್ಲಿ ಒಂದು ವಾರ ಮಾತು ಬಂದ್. ಆದರೆ ಒಳಗೆ ಪಿಸುಗುಡುವುದೂ ಬೇಡ ಅಂತ ಆಮೇಲೆ ಗೊತ್ತಾಯಿತು. ಈಗ ಹೊರಗಡೆಯೇ ದೊಡ್ಡ ಫೋಟೋ ಹಿಡಿದು ಎಲ್ಲ ಹೇಳಿ ಮುಗಿಸುತ್ತೇನೆ. ಬಲಿಪೀಠದಲ್ಲಿ ಜೆಸ್ಯುಟ್ ಪಂಥ ಕಟ್ಟಿದ ಇಗ್ನೇಷಿಯಸ್ ಲೊಯೋಲಾ ಎಷ್ಟು ದೊಡ್ಡದಾಗಿದ್ದಾನೆ, ಬಾಲಯೇಸು ಎಷ್ಟು ಚಿಕ್ಕದಾಗಿದ್ದಾನೆ, ಹುಡುಕಿ ಅಂತ ಹೇಳಿ ಒಳಗೆ ಬಿಡುತ್ತೇನೆ. ಸಮಾಧಿಯ ವಿಷಯದಲ್ಲೂ ಹಾಗೇ. ಬೆಳ್ಳಿ ಪೆಟ್ಟಿಗೆ 1630ರ ದಶಕದಲ್ಲಿ ಗೋವಾದ ಅಕ್ಕಸಾಲಿಗರೇ ಮಾಡಿದ್ದು. ಅದರ ಕೆಳಗಿನ ಅಮೃತಶಿಲೆಯ ಕಟ್ಟೆ ಫ್ಲಾರೆನ್ಸಿನದು, ಶಿಲ್ಪಿ ಫೊಗಿನಿ, ಹತ್ತು ವರ್ಷದ ಕೆಲಸ, 1698ರಲ್ಲಿ ಇಲ್ಲಿ ಜೋಡಿಸಿದರು. ಕೊಡಿಸಿದವನು ಇಟಲಿಯ ಟಸ್ಕನಿಯ ದೊರೆ ಮೂರನೇ ಕೊಸಿಮೊ. ಅವನಿಗೆ ಬದಲಿಗೆ ಸಿಕ್ಕಿದ್ದು ಸಂತನ ತಲೆ ಕೆಳಗಿದ್ದ ದಿಂಬು ಅಂತಾರೆ. ಈ ದಿಂಬಿನ ಮಾತು ಕೇಳಿ ಒಳಗೆ ಹೋದವರು "ಬಾಡಿ ಎಲ್ಲಿ" ಅನ್ನಲ್ಲ, ಕಟ್ಟೆಯ ಕಂಚಿನ ಫಲಕಗಳ ಮುಂದೆ ನಿಲ್ಲುತ್ತಾರೆ. ಹೆಡ್‌ಸೆಟ್ ಹೊರಗಡೆ ಗಾಳಿ, ಬಸ್ಸಿನ ಸದ್ದಿಗೆ ಚೆನ್ನಾಗಿ ಉಪಯೋಗ ಆಗ್ತಿದೆ, ಹಾಗಾಗಿ ದುಡ್ಡು ಹಾಳಾಗಲಿಲ್ಲ.

ಅಡ್ಡದಾರಿಯ ಪ್ರಯೋಗಗಳೂ ನಡೆದವು. ವಯಸ್ಸಾದವರು ಕತ್ತೆತ್ತಿ ಗುಮ್ಮಟ ನೋಡಲಾರರು ಅಂತ ತಟ್ಟೆ ಗಾತ್ರದ ಕನ್ನಡಿ ಕೊಟ್ಟು ನೋಡಿದೆ. ಕ್ಯಾಜೆಟನ್‌ನಲ್ಲಿ ಅದ್ಭುತವಾಗಿ ಆಯಿತು, ಕನ್ನಡಿ ಹಿಡಿದವರು ಸುಮ್ನೆ ಐದೈದು ನಿಮಿಷ ನಿಂತುಬಿಟ್ಟರು. ಜನ ಜಾಸ್ತಿ ಇರುವ ಕಡೆ ಕಾವಲಿನವರು ಬೇಡ ಅಂದರು, ಅಲ್ಲಿಗೆ ಬಿಟ್ಟೆ. ವೈಸ್‌ರಾಯ್ ಕಮಾನಿನ ಆಚೆಯಿಂದ ದಿವಾಡಿ ದ್ವೀಪಕ್ಕೆ ಫೆರಿ ಹೋಗುತ್ತದೆ, ನಡೆದು ಹತ್ತುವವರಿಗೆ ಪುಕ್ಕಟೆ. ನದಿಯಿಂದ ಊರು ಕಾಣಲಿ, ಹಡಗಿನಲ್ಲಿ ಬಂದವನಿಗೆ ಏನು ಕಾಣುತ್ತಿತ್ತೋ ಅದು ಕಾಣಲಿ ಅಂತ ಸೇರಿಸಿದೆ. ಕಾಣೋದು ಜಾಸ್ತಿ ಮರಗಳೇ. ವಾಪಸ್ ಬರುವಾಗ ಫೆರಿ ತಡವಾಗಿ ಬೆಳಗಾವಿಯ ಒಂದು ಕುಟುಂಬಕ್ಕೆ ಕೊನೇ ಬಸ್ಸು ತಪ್ಪಿತು, ಪಣಜಿವರೆಗೆ ಟ್ಯಾಕ್ಸಿ ದುಡ್ಡು ನಾನೇ ಕೊಟ್ಟೆ. ಮಳೆಗಾಲದ ನಡಿಗೆಯೂ ನೋಡಿದೆ. ಊರು ಆಗ ಎಷ್ಟು ಚೆನ್ನಾಗಿರುತ್ತದೆಂದರೆ ಹೇಳಲಾಗಲ್ಲ, ಆದರೆ ಚಿರೆಕಲ್ಲಿನ ಪಾಚಿ ಮೇಲೆ ಒಬ್ಬರು ಜಾರಿದ ಮೇಲೆ ನಿಲ್ಲಿಸಿದೆ.

ಕೊನೆಗೆ ಗುಡ್ಡ ಹತ್ತಿ ಪಾಳುಬಿದ್ದ ಸೇಂಟ್ ಆಗಸ್ಟೀನ್ ಚರ್ಚಿನ ಗೋಪುರ. 46 ಮೀಟರ್, ಚಿರೆಕಲ್ಲು. 1835ರ ಹೊತ್ತಿಗೆ ಪಾದ್ರಿಗಳು ಹೋದರು, 1842ರಲ್ಲಿ ಚಾವಣಿ ಕುಸಿಯಿತು, 1931ರಲ್ಲಿ ಮುಂಭಾಗ ಬಿತ್ತು. ಗಂಟೆ ಈಗ ಪಣಜಿಯ ಚರ್ಚಿನಲ್ಲಿದೆ. ಕತ್ತಲಾಗುವ ಮೊದಲು ಇಲ್ಲಿ ಮುಗಿಸಿದರೆ ಯಾರೂ ಬೇಗ ಹೋಗೋಣ ಅನ್ನಲ್ಲ. ಎಲ್ಲ ಸೇರಿ ಎರಡು ಕಿಲೋಮೀಟರ್ ಒಳಗೆ, ಎರಡೂವರೆ ತಾಸು.

ಈಗಿನ ಲೆಕ್ಕ ಹೀಗಿದೆ. ತಲೆಗೆ 350 ರೂಪಾಯಿ, ಅರ್ಧ ಮುಂಗಡ, ಹನ್ನೆರಡು ಹದಿಮೂರು ಜನಕ್ಕಿಂತ ಜಾಸ್ತಿ ಇಲ್ಲ. ಚಡ್ಡಿ ಹಾಕಿಕೊಂಡು ಬಂದವರಿಗೆ ಅಂತ ನಾಲ್ಕು ಪಂಚೆ, ನಾಲ್ಕು ಶಾಲು ಚೀಲದಲ್ಲಿರುತ್ತವೆ, ಬಾಡಿಗೆ ಇಲ್ಲ. ಒಳ್ಳೆ ತಿಂಗಳಲ್ಲಿ ಖರ್ಚು ಕಳೆದು ಇಪ್ಪತ್ತು ಸಾವಿರದ ಆಸುಪಾಸು ಉಳಿಯುತ್ತದೆ, ಬರೀ ವಾರದ ಕೊನೆಯ ಕೆಲಸಕ್ಕೆ. ಎರಡು ವಿಷಯ ಮಾತ್ರ ಇಲ್ಲಿ ಬರೆಯಲ್ಲ: ಫ್ರಾನ್ಸಿಸ್ ಆಫ್ ಅಸಿಸಿ ಒಳಗೆ ಯಾವ ಹೊತ್ತಿಗೆ ಎಲ್ಲಿ ನಿಲ್ಲಿಸುತ್ತೇನೆ ಅನ್ನೋದು, ಮತ್ತು ಮಧ್ಯದಲ್ಲಿ ಚಹಾ ಎಲ್ಲಿ ಕುಡಿಸುತ್ತೇನೆ ಅನ್ನೋದು. ಬಂದು ನೋಡಿ, 350 ಕೊಟ್ಟು. ಗೈಡ್‌ಗಳಿಗೂ ರಿಯಾಯಿತಿ ಇಲ್ಲ.

ಅಂದಹಾಗೆ ಮುಂದಿನ ಅಕ್ಟೋಬರ್‌ಗೆ ಕಾಲೇಜು ತಂಡಗಳು ಕೇಳುತ್ತಿವೆ, ಇನ್ನೂ ಹತ್ತು ರಿಸೀವರ್ ಬೇಕು. ನಿಮ್ಮಲ್ಲಿ ಯಾರಾದರೂ ಹಳೆಯದನ್ನು ಮಾರುವವರಿದ್ದರೆ ತಿಳಿಸಿ. ಬ್ಯಾಟರಿ ಹೋಗಿದ್ದರೂ ಪರವಾಗಿಲ್ಲ, ಕಿವಿಗೆ ಸಿಕ್ಕಿಸುವ ಕೊಕ್ಕೆ ಮುರಿದಿರಬಾರದು.