ಟ್ಯಾಬ್ ಲಾಕ್ ಮಾಡಿ ಎಲ್ಲರ ಕೈಗೂ ಸಿಗೋ ಹಾಗೆ ಇಟ್ಟಾಗ ಕಲಿತಿದ್ದು

ನಮ್ಮ ಲೈಬ್ರರಿ ಬಾಗಿಲ ಹತ್ರ ಒಂದು ಟ್ಯಾಬ್ ಇಡೋಣ, ಬಂದವರು ಹೆಸರು ಫೋನ್ ನಂಬರ್ ಹಾಕಿ ಒಳಗೆ ಬರ್ಲಿ, ಬೇಕಾದ ಪುಸ್ತಕ ಇದ್ಯಾ ಅಂತ ಅವರೇ ಹುಡುಕ್ಕೊಳ್ಳಲಿ ಅಂತ ಶುರು ಮಾಡಿದ್ದು. ಆಂಡ್ರಾಯ್ಡ್ ಟ್ಯಾಬಲ್ಲಿ ನಮ್ಮ ಪೇಜ್ ಓಪನ್ ಮಾಡಿ, ಒಂದೇ ಆಪನ್ನ ಸ್ಕ್ರೀನ್ ಮೇಲೆ ಕಟ್ಟಿಹಾಕೋ ಆಪ್ ಪಿನ್ನಿಂಗನ್ನ ಸೆಟ್ಟಿಂಗ್ಸಲ್ಲಿ ಆನ್ ಮಾಡಿ ಸ್ಟ್ಯಾಂಡಿಗೆ ಸಿಕ್ಕಿಸಿದೆ. ಅವತ್ತು ಸಂಜೆಯೊಳಗೆ ಒಬ್ಬ ಹುಡುಗ, ಹತ್ತು ವರ್ಷ ಇರ್ಬೋದು, ಬ್ಯಾಕ್ ಬಟನ್ನು, ಈಚೆಗೆ ತೆರೆದ ಆಪ್‌ಗಳನ್ನ ತೋರಿಸೋ ರೀಸೆಂಟ್ಸ್ ಬಟನ್ನು ಒಟ್ಟಿಗೆ ಒತ್ತಿ ಹಿಡಿದು ಹೊರಗೆ ಬಂದು ಗೇಮ್ ಹುಡುಕ್ತಾ ನಿಂತಿದ್ದ.

ಆಪ್ ಪಿನ್ನಿಂಗ್ 2014ರ ಆಂಡ್ರಾಯ್ಡ್ ಲಾಲಿಪಾಪ್ ಕಾಲದಿಂದ ಇದೆ, ಆದ್ರೆ ಅದು ನಮ್ಮ ಫೋನನ್ನ ಯಾರಿಗಾದ್ರೂ ಎರಡು ನಿಮಿಷ ಕೊಡೋಕೆ ಸರಿ, ದಿನಪೂರ್ತಿ ಜನ ಮುಟ್ಟೋ ಜಾಗಕ್ಕಲ್ಲ. ಹೊರಗೆ ಬರೋವಾಗ ಪಿನ್ ನಂಬರ್ ಕೇಳೋ ಹಾಗೆ ಇಟ್ರೂ ಟ್ಯಾಬ್ ರೀಸ್ಟಾರ್ಟ್ ಆದ್ರೆ ಮುಗೀತು, ಮತ್ತೆ ನಾವೇ ಹೋಗಿ ಆಪನ್ನ ಪಿನ್ ಮಾಡ್ಬೇಕು.

ನಿಜವಾದ ಲಾಕ್ ಬೇಕಂದ್ರೆ ಟ್ಯಾಬಲ್ಲಿ ಒಂದೇ ಪೇಜ್ ಬಿಟ್ಟು ಬೇರೇನೂ ತೆರೆಯದ ಹಾಗೆ ಮಾಡೋ ಕಿಯಾಸ್ಕ್ ಆಪನ್ನ ಡಿವೈಸ್ ಓನರ್, ಅಂದ್ರೆ ಇಡೀ ಟ್ಯಾಬ್ ಮೇಲೆ ಹಿಡಿತ ಇರೋ ಆಪ್, ಮಾಡ್ಬೇಕು. ಆಗ ಹೋಮ್ ಬಟನ್, ಮೇಲಿಂದ ಎಳೆಯೋ ನೋಟಿಫಿಕೇಶನ್ ಪರದೆ, ರೀಸೆಂಟ್ಸ್ ಎಲ್ಲಾ ಸಿಸ್ಟಮ್ಮೇ ಬಂದ್ ಮಾಡತ್ತೆ. ನಾನು ಫುಲ್ಲಿ ಕಿಯಾಸ್ಕ್ ಬ್ರೌಸರ್ ಹಾಕಿದ್ದು. ಡಿವೈಸ್ ಓನರ್ ಮಾಡೋಕೆ ಕಂಪ್ಯೂಟರಿಂದ ಎಡಿಬಿ (ಆಂಡ್ರಾಯ್ಡಿಗೆ ಕಮಾಂಡ್ ಕಳಿಸೋ ಟೂಲ್) ಕಮಾಂಡ್ ಕೊಟ್ರೆ ಎರರ್, ಯಾಕೆ ಅಂತ ನೋಡಿದ್ರೆ ಟ್ಯಾಬಲ್ಲಿ ಆಗ್ಲೇ ಗೂಗಲ್ ಅಕೌಂಟ್ ಇತ್ತು, ಅಕೌಂಟ್ ಒಂದೇ ಒಂದಿದ್ರೂ ಅದು ಒಪ್ಪಲ್ಲ. ಫ್ಯಾಕ್ಟರಿ ರೀಸೆಟ್ ಹೊಡೆದು, ಅಕೌಂಟ್ ಹಾಕೋ ಸ್ಕ್ರೀನ್ ಸ್ಕಿಪ್ ಮಾಡಿ, ಮತ್ತೆ ಕಮಾಂಡ್ ಕೊಟ್ಟ ಮೇಲೆ ತಗೊಂಡ್ತು. ಟ್ಯಾಬ್‌ಗಳು ಜಾಸ್ತಿ ಇದ್ರೆ ಎಂಡಿಎಂ, ಅಂದ್ರೆ ಎಲ್ಲಾ ಟ್ಯಾಬನ್ನೂ ಒಂದೇ ಕಡೆಯಿಂದ ನಿಭಾಯಿಸೋ ಸಾಫ್ಟ್‌ವೇರ್, ಇಟ್ಕೊಳ್ಳೋದೇ ಒಳ್ಳೇದು, ಆಂಡ್ರಾಯ್ಡ್ 7ರಿಂದ ಈಚೆಗೆ ವೆಲ್ಕಮ್ ಸ್ಕ್ರೀನಲ್ಲಿ ಒಂದೇ ಜಾಗದಲ್ಲಿ ಆರು ಸಲ ಟ್ಯಾಪ್ ಮಾಡಿದ್ರೆ ಕ್ಯೂಆರ್ ಸ್ಕ್ಯಾನರ್ ಬರತ್ತೆ, ಅಲ್ಲಿಂದ ಎಲ್ಲಾ ಸೆಟಪ್ ತಾನೇ ಆಗತ್ತೆ. ಐಪ್ಯಾಡ್ ಇರೋರಿಗೂ ಇದೇ ಕಥೆ, ಆಪ್ ಪಿನ್ನಿಂಗ್ ಥರದ ಗೈಡೆಡ್ ಆಕ್ಸೆಸ್ ಮನೆಗೆ ಸಾಕು, ಒಂದೇ ಆಪಿಗೆ ಪೂರ್ತಿ ಲಾಕ್ ಮಾಡೋ ಸಿಂಗಲ್ ಆಪ್ ಮೋಡ್ ಬೇಕಂದ್ರೆ ಐಪ್ಯಾಡ್ ಸೂಪರ್ವೈಸ್ಡ್ (ಸಂಸ್ಥೆಯ ಹಿಡಿತದಲ್ಲಿರೋ ಹಾಗೆ ಸೆಟಪ್) ಆಗಿರ್ಬೇಕು.

ಸೇಫ್ ಮೋಡನ್ನೂ ಬಂದ್ ಮಾಡಿ, ಇದನ್ನ ತುಂಬಾ ಜನ ಮರೀತಾರೆ. ಪವರ್ ಮೆನುವಿನಿಂದ ಸೇಫ್ ಮೋಡಿಗೆ ಹೋದ್ರೆ ನಾವು ಹಾಕಿದ ಆಪ್‌ಗಳು ಏಳೋದೇ ಇಲ್ಲ, ಬರೀ ಟ್ಯಾಬ್ ಕೈಯಲ್ಲಿ.

ಇಷ್ಟೆಲ್ಲಾ ಆದ್ಮೇಲೆ ಹೊರಗೆ ಹೋಗೋ ದಾರಿ ಮುಚ್ಚಿತು ಅಂತ ನೆಮ್ಮದಿಯಾಗಿದ್ದೆ. ಒಂದಿನ ವಯಸ್ಸಾದ ಒಬ್ಬರು ನನ್ನ ಕರೆದು, "ನೋಡಿ ಸರ್, ನಾನು ಎರಡೇ ನಂಬರ್ ಒತ್ತಿದ್ದು, ಇದು ಯಾರ್ದೋ ಪೂರ್ತಿ ನಂಬರ್ ತೋರಿಸ್ತಿದೆ" ಅಂದ್ರು. ಹೋಗಿ ನೋಡಿದ್ರೆ ಕೀಬೋರ್ಡ್ ಮೇಲಿನ ಸಜೆಶನ್ ಪಟ್ಟಿಯಲ್ಲಿ ಬೆಳಿಗ್ಗೆ ಬಂದಿದ್ದ ಯಾರದ್ದೋ ಫೋನ್ ನಂಬರ್, ಪಕ್ಕದಲ್ಲೇ ಅವರ ಹೆಸರು. ನಂಗೆ ತುಂಬಾ ಬೇಜಾರಾಯ್ತು, ಜನ ನಮ್ಮನ್ನ ನಂಬಿ ಹಾಕಿದ ನಂಬರ್ ಅದು. ಆ ಹುಡುಗ ಗೇಮ್ ಹುಡುಕಿದ್ದರಿಂದ ಯಾರಿಗೂ ಏನೂ ನಷ್ಟ ಆಗಿರ್ಲಿಲ್ಲ, ಆದ್ರೆ ಇದರಿಂದ ಆಗ್ಬೋದಿತ್ತು.

ಅವತ್ತೇ ಟ್ಯಾಬ್ ಕೆಳಗಿಳಿಸಿ ಕೂತೆ. ಕೀಬೋರ್ಡಲ್ಲಿ ಸಜೆಶನ್, ಕಲಿಯೋ ಆಪ್ಶನ್, ಮೈಕ್ ಎಲ್ಲಾ ಆಫ್, ಆಟೋಫಿಲ್ ಆಫ್. ಆಮೇಲೆ ಅದೂ ಸಾಲ್ದು ಅನ್ನಿಸಿ ಫೋನ್ ನಂಬರ್ ಹಾಕೋ ಕಡೆ ಪೇಜಲ್ಲೇ ಸೊನ್ನೆಯಿಂದ ಒಂಬತ್ತರವರೆಗೆ ದೊಡ್ಡ ಬಟನ್‌ಗಳನ್ನ ಮಾಡ್ದೆ, ಸಿಸ್ಟಮ್ ಕೀಬೋರ್ಡ್ ಅಲ್ಲಿ ಬರೋದೇ ಇಲ್ಲ, ವಯಸ್ಸಾದವರಿಗೂ ಇದೇ ಸುಲಭ ಆಯ್ತು. ಅರ್ಧ ತುಂಬಿ ಬಿಟ್ಟು ಹೋಗೋರು ತುಂಬಾ ಜನ, ಅದಕ್ಕೆ ನಲವತ್ತು ಸೆಕೆಂಡ್ ಯಾರೂ ಮುಟ್ಟದಿದ್ರೆ ಪೇಜ್ ಮೊದಲಿನ ಸ್ಥಿತಿಗೆ ಬರತ್ತೆ, ಜೊತೆಗೆ ಬ್ರೌಸರ್ ಉಳಿಸ್ಕೊಂಡಿರೋ ಕುಕೀಸ್, ಕ್ಯಾಷೆ, ವೆಬ್ ಸ್ಟೋರೇಜ್ ಅಳಿಸಿ ಹೋಗತ್ತೆ. ನಿಧಾನಕ್ಕೆ ಟೈಪ್ ಮಾಡೋರಿಗೆ ಮಧ್ಯದಲ್ಲಿ ಹೋಗ್ಬಾರ್ದಲ್ಲ, ಕೊನೇ ಹತ್ತು ಸೆಕೆಂಡಿಗೆ "ಇನ್ನೂ ಇದ್ದೀರಾ?" ಅಂತ ಒಂದು ಬಾಕ್ಸ್ ಹಾಕಿದೀನಿ.

ಅದೇ ಕೂತಲ್ಲಿ ಒಂದೊಂದೇ ಮುಟ್ಟಿ ನೋಡ್ದಾಗ ಇನ್ನೂ ಸಿಕ್ತು. ಯಾವುದೋ ಪದದ ಮೇಲೆ ಬೆರಳು ಒತ್ತಿ ಹಿಡಿದ್ರೆ ಕಾಪಿ, ಶೇರ್, ವೆಬ್ ಸರ್ಚ್ ಅಂತ ಮೆನು ಬರ್ತಿತ್ತು, ಪೇಜಿನ ಕೆಳಗಿದ್ದ ಮ್ಯಾಪ್ ಒತ್ತಿದ್ರೆ ಅಲ್ಲಿಂದ ಬೇರೆ ಸೈಟಿಗೆ ಲಿಂಕ್. ಟೆಕ್ಸ್ಟ್ ಸೆಲೆಕ್ಷನ್ ಆಫ್ ಮಾಡಿ, ತೆರೆಯೋಕೆ ಬಿಡೋ ಸೈಟುಗಳ ಪಟ್ಟಿ ಇರತ್ತಲ್ಲ, ನಮ್ಮ ವಿಳಾಸ ಒಂದನ್ನೇ ಆ ವೈಟ್‌ಲಿಸ್ಟಿಗೆ ಹಾಕಿ, ಮ್ಯಾಪ್ ತೆಗೆದು ಬರೀ ಚಿತ್ರ ಹಾಕ್ದೆ.

ಕೆಲವು ತಿಂಗಳಾದ್ಮೇಲೆ ಸ್ಕ್ರೀನಿನ ಒಂದು ಅಂಚು ಸ್ವಲ್ಪ ಎದ್ದಿರೋದು ಕಾಣಿಸ್ತು, ಉಗುರು ಹೋಗೋಷ್ಟು ಸಂದಿ. ಹಗಲು ರಾತ್ರಿ ನೂರು ಪರ್ಸೆಂಟಲ್ಲಿ ಚಾರ್ಜರಿಗೆ ಕಟ್ಟಿ ಹಾಕಿದ್ದಕ್ಕೆ ಬ್ಯಾಟರಿ ಊದ್ಕೊಂಡಿತ್ತು. ಹಾಗೆ ಕಂಡ್ರೆ ದಯವಿಟ್ಟು ಒತ್ತಿ ಕೂರಿಸೋಕೆ ಹೋಗ್ಬೇಡಿ, ಬೆಂಕಿ ಹತ್ತೋ ಅಪಾಯ ಇದೆ, ಚಾರ್ಜರ್ ತೆಗೆದು ಆಫ್ ಮಾಡಿ ರಿಪೇರಿಯವರ ಕೈಗೆ ಕೊಡಿ. ಈಗಿನ ಟ್ಯಾಬಲ್ಲಿ ಚಾರ್ಜ್ 80 ಪರ್ಸೆಂಟಿಗೆ ನಿಲ್ಲಿಸೋ ಸೆಟ್ಟಿಂಗ್ ಇದೆ, ಅದು ಆನ್. ರಾತ್ರಿ ಸ್ಕ್ರೀನ್ ಆಫ್. ಕಿಯಾಸ್ಕ್ ಪಿನ್ ನನ್ನೊಬ್ಬನ ತಲೇಲಿ ಇರೋದು ಬೇಡ ಅಂತ ಒಂದು ಕವರಲ್ಲಿ ಬರೆದು ಒಳಗಿನ ಬೀರುವಿನಲ್ಲಿ ಇಟ್ಟಿದೀವಿ.